ಶಿರಸಿ: ಬಡಾವಣೆಯ ಪಾರ್ಕ್ ನಾವೇ ಸರಿ ಮಾಡಲು ಹೊರಟಿದ್ದೇವೆ, ಮಳೆಗೆ ಮೊದಲು ಏನು ಮುಗಿಸಬೇಕು?

ಪಾರ್ಕ್ ಪಕ್ಕದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಧ್ಯದಲ್ಲಿ ಸುಮಾರು 20 ಗುಂಟೆಯ ಪಾರ್ಕ್ ಇದೆ. ಚೌಕಾಕಾರ, ನಾಲ್ಕೂ ಕಡೆ ರಸ್ತೆ, ರಸ್ತೆಯಾಚೆ ಮನೆಗಳು. ಬೇಲಿ ಎರಡು ಕಡೆ ಮುರಿದಿದೆ. ಬೀದಿ ದನ ರಾತ್ರಿ ಅಲ್ಲೇ ಮಲಗುತ್ತವೆ. ಜಾರುಬಂಡಿ ತುಕ್ಕು ಹಿಡಿದು ತೂತಾಗಿದೆ. ನಡುವೆ ಹಿಂದೆ ಯಾವಾಗಲೋ ಕಟ್ಟಿದ ಕಾರಂಜಿಯ ತೊಟ್ಟಿ ಇದೆ. ಕಾರಂಜಿ ಹಾರುವುದನ್ನು ಈಗಿನ ಮಕ್ಕಳು ಯಾರೂ ನೋಡಿಲ್ಲ. ತಗ್ಗಿನ ಕಡೆಯ ಮೂಲೆ ಜೂನ್‌ನಿಂದ ಅಕ್ಟೋಬರ್ ತನಕ ಬರೀ ಕೆಸರು. ಮೂರು ಅಕೇಶಿಯಾ, ಒಂದು ಗುಲ್‌ಮೊಹರ್, ಒಂದು ಹಳೇ ಹಲಸಿನ ಮರ ಬಿಟ್ಟರೆ ನೆರಳಿಲ್ಲ.

ಹತ್ತು ಹನ್ನೆರಡು ಮನೆಯವರು ಸೇರಿ ಭಾನುವಾರ ಬೆಳಿಗ್ಗೆ ಕೆಲಸ ಮಾಡೋಣ ಎಂದು ಮಾತಾಡಿಕೊಂಡಿದ್ದೇವೆ. ಕಸ ಹೆಕ್ಕಿ, ಚದುರಂಗಿ ಗಿಡ ಕಡಿದು ಅರ್ಧ ಜಾಗ ಖುಲ್ಲಾ ಆಗಿದೆ. ಸ್ವಲ್ಪ ದುಡ್ಡೂ ಕೂಡಿದೆ. ಜೂನ್ 5ರ ಪರಿಸರ ದಿನಕ್ಕೆ 100 ಗಿಡ ನೆಡಬೇಕು ಎನ್ನುವುದು ಹೆಚ್ಚಿನವರ ಆಸೆ. ಈಗ ಏಪ್ರಿಲ್ ಅರ್ಧ ಕಳೆದಿದೆ. ಯಾವ ಗಿಡ ತರಬೇಕು, ಎಲ್ಲಿ ನೆಡಬೇಕು, ದುಡ್ಡನ್ನು ಮೊದಲು ಯಾವುದಕ್ಕೆ ಹಾಕಬೇಕು? ತಿಳಿದವರು ಹೇಳಿ.

ತೋಟದ ಮನೆ, ಹುಲೇಕಲ್ ಕಡೆ

ಒಳ್ಳೆ ಕೆಲಸ ಹಿಡಿದಿದ್ದೀರಿ. ಗಿಡದ ಪಟ್ಟಿ ಸದ್ಯಕ್ಕೆ ಬದಿಗಿಡಿ. ಮೊದಲು ನೀರಿನ ದಾರಿ ನೋಡಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ಆರಿದ್ರಾ ಮಳೆ ಹಿಡಿದು ಒಂದು ದಿನದಲ್ಲಿ 100 ಮಿಲಿಮೀಟರ್ ಸುರಿದರೆ ನಿಮ್ಮ ಪಾರ್ಕಿನ ಮೇಲೇ 2 ಲಕ್ಷ ಲೀಟರ್ ಬಿತ್ತು. ರಸ್ತೆಯ ನೀರು ಒಳಗೆ ಇಳಿದರೆ ಅದು ಬೇರೆ. ವರ್ಷದ ಮಳೆ 2,500 ಮಿಲಿಮೀಟರ್ ಎಂದು ಹಿಡಿದರೆ 50 ಲಕ್ಷ ಲೀಟರ್. ಇಷ್ಟು ನೀರಿಗೆ ದಾರಿ ಮಾಡದೆ ಯಾವ ಗಿಡ ನೆಟ್ಟರೂ, ಯಾವ ಕಲ್ಲು ಹಾಸಿದರೂ ಜುಲೈನಲ್ಲಿ ಎದ್ದು ಹೋಗುತ್ತದೆ.

ತೋಟದಲ್ಲಿ ನಾವು ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸದೆ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅಡಿಕೆ ಮರ ಎಷ್ಟು ಮಳೆಯನ್ನಾದರೂ ತಡೆದುಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರಿಗೆ ಉಸಿರಾಡಲಾಗದೆ ಸೊರಗುತ್ತದೆ. ಪಾರ್ಕಿನ ಗಿಡಕ್ಕೂ ಇದೇ ಕಥೆ.

ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಂದೇ ಬರುತ್ತದೆ. ಆ ದಿನ ಕೊಡೆ ಹಿಡಿದುಕೊಂಡು ನಾಲ್ಕು ಜನ ಪಾರ್ಕಿಗೆ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಕಣ್ಣಾರೆ ನೋಡಿ. ಗೂಟ ಹುಗಿದು ಗುರುತು ಮಾಡಿ. ಆ ಗುರುತೇ ನಿಮ್ಮ ನಕ್ಷೆ.

ಇನ್ನು 100 ಗಿಡದ ವಿಷಯ. ನಮ್ಮಲ್ಲಿ ಡಿಸೆಂಬರ್‌ನಿಂದ ಮೇ ತನಕ ಮಳೆ ಇಲ್ಲವೆಂದೇ ಲೆಕ್ಕ. ಒಂದು ಗಿಡಕ್ಕೆ ಸಲಕ್ಕೆ 10 ಲೀಟರ್, ವಾರಕ್ಕೆ ಎರಡು ಸಲ. 100 ಗಿಡಕ್ಕೆ ವಾರಕ್ಕೆ 2,000 ಲೀಟರ್. ಆರು ತಿಂಗಳಲ್ಲಿ 26 ವಾರ, ಒಟ್ಟು 52,000 ಲೀಟರ್. ಅಷ್ಟು ನೀರು ಎಲ್ಲಿದೆ, ಹೊರುವವರು ಯಾರು? ಇದಕ್ಕೆ ಉತ್ತರ ಇದ್ದರೆ ಮಾತ್ರ 100 ಗಿಡ ತನ್ನಿ.

ತೆರಿಗೆ ಕಟ್ಟುವವ

ನನಗೆ ಒಂದು ಮೂಲ ಪ್ರಶ್ನೆ ಇದೆ. ತಪ್ಪು ತಿಳಿಯಬೇಡಿ. ನಾವು ತೆರಿಗೆ ಕಟ್ಟುತ್ತೇವೆ. ಪಾರ್ಕ್ ನೋಡಿಕೊಳ್ಳುವುದು ನಗರಸಭೆಯ ಕೆಲಸ. ನಾವೇ ಸಲಿಕೆ ಹಿಡಿದು ನಿಂತರೆ "ಅವರೇ ಮಾಡಿಕೊಳ್ಳುತ್ತಾರೆ" ಎಂದು ಎಲ್ಲರೂ ಕೈ ಬಿಡುತ್ತಾರೆ. ಬಡವರು ಹೆಚ್ಚಿರುವ ವಾರ್ಡಿನಲ್ಲಿ ಭಾನುವಾರ ಬಿಡುವು ಇರುವವರು ಎಷ್ಟು ಜನ? ಅಲ್ಲಿನ ಪಾರ್ಕ್ ಹಾಗೇ ಇರಬೇಕಾ?

ಪಾರ್ಕ್ ಪಕ್ಕದ ಮನೆ

ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡೋಣ ಎನ್ನುವುದು ನನ್ನ ಯೋಚನೆ. ಬೇಲಿ, ಚರಂಡಿ, ದೀಪ, ಆಟದ ಸಾಮಾನು ಇವು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ, ಆಗಲೂ ಬಾರದು. ಅವುಗಳಿಗೆ ಬರೆದು ಕೇಳುತ್ತೇವೆ, ಮತ್ತೆ ಮತ್ತೆ ಕೇಳುತ್ತೇವೆ. ಗಿಡಕ್ಕೆ ನೀರು, ಕಳೆ, ಕಸ, ದರಕು (ಒಣಗಿದ ತರಗೆಲೆ) ಹಾಸುವುದು, ಇವು ದಿನವೂ ಕಣ್ಣಿಡಬೇಕಾದ ಕೆಲಸ. ಎದುರು ಮನೆಯವರಿಗಿಂತ ಚೆನ್ನಾಗಿ ಅದನ್ನು ಯಾರು ಮಾಡುತ್ತಾರೆ?

ಹಳೇ ಇಂಜಿನಿಯರ್

ತೆರಿಗೆಯ ಮಾತು ಬಂದಿದ್ದು ಒಳ್ಳೆಯದಾಯಿತು. ಕಾಗದ ಪತ್ರ ಮೊದಲು ಸರಿ ಮಾಡಿಕೊಳ್ಳಿ. ಬಡಾವಣೆಯ ನಕ್ಷೆಯ ಪ್ರತಿ ತೆಗೆಸಿ, ಆ ಜಾಗ ಪಾರ್ಕ್ ಎಂದೇ ತೋರಿಸಿದೆಯಾ ನೋಡಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಆಮೇಲೆ ಯಾರಾದರೂ ಅಲ್ಲಿ ಕಟ್ಟಡ ಕಟ್ಟಲು ಬಂದರೆ ನಿಮ್ಮ ಕೈಯಲ್ಲಿ ಅದೇ ಆಧಾರ. ನಕ್ಷೆ ಸುಲಭಕ್ಕೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನೆಲ ಅಗೆಯುವ ಮೊದಲು ನಗರಸಭೆಯಿಂದ ಲಿಖಿತ ಒಪ್ಪಿಗೆ ಬೇಕು. ಅಡಿಯಲ್ಲಿ ನೀರಿನ ಪೈಪ್, ಕೇಬಲ್ ಎಲ್ಲಿ ಹೋಗಿದೆ ಎಂದು ಆಗಲೇ ಕೇಳಿ ತಿಳಿಯಿರಿ. ಗುದ್ದಲಿ ಏಟಿಗೆ ಪೈಪ್ ಒಡೆದರೆ ಇಡೀ ಬೀದಿಗೆ ನೀರಿಲ್ಲ.

ಈಗ ದಾರಿಯ ವಿಷಯ. ದುಡ್ಡು ಕೂಡಿದ ಕೂಡಲೇ ಎಲ್ಲರಿಗೂ ಇಂಟರ್‌ಲಾಕ್ ನೆನಪಾಗುತ್ತದೆ. ಪಾರ್ಕ್ ತುಂಬಾ ಇಂಟರ್‌ಲಾಕ್ ಹಾಸಬೇಡಿ. ನೀರು ಇಂಗುವ ಜಾಗ ಕಡಿಮೆಯಾಗುತ್ತದೆ, ಬಿಸಿಲಿನಲ್ಲಿ ನೆಲ ಕಾಯುತ್ತದೆ. ಮಳೆಗಾಲದಲ್ಲಿ ನೆರಳಿರುವ ಕಡೆ ಪಾಚಿ ಕಟ್ಟಿ ವಯಸ್ಸಾದವರು ಜಾರಿ ಬೀಳುತ್ತಾರೆ. ಚಿರೆಕಲ್ಲು ನೋಡಲು ಚೆಂದ, ಆದರೆ ಪಾಚಿ ಅದಕ್ಕೂ ಬಿಡುವುದಿಲ್ಲ.

ಸುತ್ತ ಒಂದೇ ದಾರಿ ಸಾಕು, ಐದು ಅಡಿ ಅಗಲ. ಇಬ್ಬರು ಜೊತೆಯಾಗಿ ನಡೆಯಬಹುದು, ಗಾಲಿಕುರ್ಚಿಯೂ ಹೋಗುತ್ತದೆ. ದಾರಿಯನ್ನು ಅಕ್ಕಪಕ್ಕದ ಮಣ್ಣಿಗಿಂತ ಸ್ವಲ್ಪ ಎತ್ತರಿಸಿ. ಒಂದು ಕಡೆಗೆ ಇಳಿಜಾರು ಇರಲಿ, ಐದು ಅಡಿಗೆ ಮೂರು ಸೆಂಟಿಮೀಟರ್. ನೋಡಿದರೆ ಗೊತ್ತಾಗುವುದಿಲ್ಲ, ನೀರು ಮಾತ್ರ ನಿಲ್ಲುವುದಿಲ್ಲ. ಗೇಟಿನ ಹತ್ತಿರ ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಬೇಕೇ ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿ ತಳ್ಳುವವರಿಗೆ ಕಷ್ಟ.

ಬಸಿಗಾಲುವೆಯ ಮಾತು ತೋಟದ ಮನೆಯವರು ಸರಿಯಾಗಿ ಹೇಳಿದ್ದಾರೆ. ನಾನು ಸೇರಿಸುವುದು ಇಷ್ಟೇ: ಕಾಲುವೆ ತೋಡಿ ನೀರನ್ನು ಸೀದಾ ರಸ್ತೆ ಚರಂಡಿಗೆ ಬಿಡುವ ಮೊದಲು ಆ ಚರಂಡಿ ಹೂಳು ತುಂಬಿದೆಯಾ ನೋಡಿ. ತುಂಬಿದ್ದರೆ ಅದೇ ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ನಿಮ್ಮ ಪಾರ್ಕ್ ಒಣಗಿಸಲು ಹೋಗಿ ಪಕ್ಕದವರ ಅಂಗಳ ಮುಳುಗಬಾರದು.

ಇಬ್ಬರು ಮಕ್ಕಳ ಅಮ್ಮ

ನಾನೂ ಇದೇ ಬಡಾವಣೆಯವಳು. ಹೆಂಗಸರ ಕಡೆಯಿಂದ ನಾಲ್ಕು ಮಾತು.

ಗಿಡ ನೆಡುವ ಉತ್ಸಾಹದಲ್ಲಿ ಬೇಲಿ ಸುತ್ತ ಎದೆ ಮಟ್ಟದ ಗಿಡ ಬೆಳೆಸಬೇಡಿ. ರಸ್ತೆಯಿಂದ ಒಳಗೆ, ಒಳಗಿಂದ ರಸ್ತೆಗೆ ಕಣ್ಣು ಹಾಯಬೇಕು. ಮಗು ಆಡುವುದು ಅಡಿಗೆಮನೆ ಕಿಟಕಿಯಿಂದ ಕಾಣಬೇಕು. ಸಂಜೆ ಏಳರ ಹೊತ್ತಿಗೆ ಒಬ್ಬಳೇ ನಡೆಯುವಾಗ ಪೊದೆಯ ಹಿಂದೆ ಯಾರಿದ್ದಾರೆ ಎಂಬ ಹೆದರಿಕೆ ಇರಬಾರದು. ಮೊಣಕಾಲೆತ್ತರದ ಪೊದೆ, ಇಲ್ಲವೇ ತಲೆಗಿಂತ ಮೇಲೆ ಕೊಂಬೆ ಇರುವ ಮರ. ನಡುವಿನದ್ದು ಬೇಡ.

ಕಾರಂಜಿ ತೊಟ್ಟಿಯನ್ನು ನಾಳೆಯೇ ಖಾಲಿ ಮಾಡಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಒಂದು ವಾರ, ಹತ್ತು ದಿನ ಸಾಕು. ನಿಂತ ಸ್ವಚ್ಛ ನೀರೇ ಅದಕ್ಕೆ ಬೇಕಾದದ್ದು. ತಳಕ್ಕೆ ತೂತು ಕೊರೆದು ಮಣ್ಣು ತುಂಬಿ ಹೂವಿನ ಗಿಡ ಹಾಕಿದರೆ ಒಳ್ಳೆಯದು. ಅದರ ಕಟ್ಟೆ ಕೂರುವಷ್ಟೇ ಎತ್ತರ ಇದೆ. ಸುಮ್ನೆ ಒಡೆದು ಹಾಕುವುದು ಯಾಕೆ?

ಮತ್ತೆ ಜಾರುಬಂಡಿ. ಅದನ್ನು ಸರಿ ಮಾಡಿಸುವ ತನಕ ಹಗ್ಗ ಕಟ್ಟಿ ಮುಚ್ಚಿ. ತುಕ್ಕಿನ ಅಂಚು ತಾಗಿ ನನ್ನ ಮಗನ ಕೈ ಕೊಯ್ದಿದೆ, ಟಿಟಿ ಇಂಜೆಕ್ಷನ್ ಹಾಕಿಸಿ ಬಂದೆ. ಹೊಸದು ಬಂದಾಗ ಅಡಿಯಲ್ಲಿ ಕಾಂಕ್ರೀಟ್ ಬೇಡ, ಒಂದಡಿ ಆಳ ಮರಳು ಇರಲಿ. ಸುತ್ತ ಕಲ್ಲಿನ ಅಂಚು ಕಟ್ಟದಿದ್ದರೆ ಮೊದಲ ಮಳೆಗೇ ಮರಳು ಕೊಚ್ಚಿ ಹೋಗುತ್ತದೆ.

ಗಲ್ಲಿ ಕ್ರಿಕೆಟ್

ಅಣ್ಣ, ಅಕ್ಕ, ನಾವು ಸಂಜೆ ಆ ಜಾಗದಲ್ಲೇ ಆಡುವುದು. ಬೇರೆ ಮೈದಾನ ಹತ್ತಿರ ಇಲ್ಲ. ನಮ್ಮನ್ನು ಯಾರೂ ಕೇಳಲೇ ಇಲ್ಲ. ಖುಲ್ಲಾ ಮಾಡಿದ ಜಾಗದಲ್ಲಿ ಗುಂಡಿ ತೋಡಲು ಸುಣ್ಣದ ಗುರುತು ಹಾಕಿದ್ದಾರೆ. ಅದು ನಮ್ಮ ಪಿಚ್. ಪಾರ್ಕ್ ಚೆನ್ನಾಗಾಗಲಿ ಎಂದು ನಮಗೂ ಇದೆ. ಆದರೆ ಗಿಡ ನೆಟ್ಟು, "ಆಡಬೇಡಿ" ಬೋರ್ಡ್ ಹಾಕಿದರೆ ನಾವು ಎಲ್ಲಿ ಹೋಗೋದು? ರಸ್ತೆಯಲ್ಲಿ ಆಡಿದರೆ ಬೈತೀರಿ.

ತೋಟದ ಮನೆ, ಹುಲೇಕಲ್ ಕಡೆ

ತಮ್ಮಾ, ನೀನು ಬರೆದಿದ್ದು ಸರಿ ಇದೆ. ದಿನಾ ಆ ಪಾರ್ಕಿಗೆ ಕಾಲಿಡುವವರು ನೀವು. ನಿಮ್ಮನ್ನು ಬಿಟ್ಟು ನಕ್ಷೆ ಹಾಕಿದರೆ ಅದು ನಿಲ್ಲುವುದಿಲ್ಲ. ಹುಡುಗರ ಪಿಚ್‌ನಲ್ಲಿ ನೆಟ್ಟ ಗಿಡ ಒಂದು ತಿಂಗಳೂ ಉಳಿಯುವುದಿಲ್ಲ, ಅದು ಹುಡುಗರ ತಪ್ಪೂ ಅಲ್ಲ.

ಪಾರ್ಕ್ ಪಕ್ಕದ ಮನೆಯವರೇ, ನಡುವಿನ ಜಾಗ ಬಯಲಾಗಿಯೇ ಬಿಡಿ. ಗರಿಕೆ ತಾನಾಗೇ ಬರುತ್ತದೆ. ಹಬ್ಬ, ಹುಟ್ಟುಹಬ್ಬ, ಗಣಪತಿ ಎಲ್ಲಕ್ಕೂ ಬಯಲು ಬೇಕು. ಮರ ಎಲ್ಲ ಅಂಚಿಗೆ ಹೋಗಲಿ.

ಪಾರ್ಕ್ ಪಕ್ಕದ ಮನೆ

ಒಪ್ಪಿದೆ. ಆ ಗುರುತು ಅಳಿಸುತ್ತೇವೆ. ಗಲ್ಲಿ ಕ್ರಿಕೆಟ್ ತಮ್ಮಂದಿರೇ, ಬರುವ ಭಾನುವಾರ ಏಳು ಗಂಟೆಗೆ ಬನ್ನಿ, ಪಿಚ್ ಎಷ್ಟು ಉದ್ದ ಬೇಕು ಎಂದು ನೀವೇ ಅಳೆದು ಗೂಟ ಹುಗಿಯಿರಿ. ತಳ್ಳುಗಾಡಿ ದೂಡಲೂ ನಿಮ್ಮ ಸಹಾಯ ಬೇಕು.

ಸಂಜೆ ವಾಕಿಂಗ್

ನನಗೆ ಎಪ್ಪತ್ತು ದಾಟಿದೆ. ನಮ್ಮಂಥವರಿಗೆ ಬೇಕಾಗಿರುವುದು ಕೂರುವ ಜಾಗ. ಈಗಿರುವ ಸಿಮೆಂಟ್ ಬೆಂಚು ತುಂಬಾ ತಗ್ಗು, ಕುಳಿತರೆ ಏಳಲು ಆಗುವುದಿಲ್ಲ. ಒಂದೂವರೆ ಅಡಿ ಎತ್ತರ, ಬೆನ್ನಿಗೆ ಒರಗು, ಕೈ ಊರಲು ಹಿಡಿ ಇದ್ದರೆ ಸಾಕು. ನಾಲ್ಕು ಬೆಂಚಿಗಿಂತ ಇಂಥ ಎರಡು ಬೆಂಚು ಮೇಲು. ಒಂದನ್ನಾದರೂ ಹಲಸಿನ ನೆರಳಿಗೆ ಹಾಕಿ, ಆದರೆ ಕಾಯಿ ಬೀಳುವ ಕೊಂಬೆಯ ಕೆಳಗೆ ಬೇಡ.

ಅಕೇಶಿಯಾ ಮರ ಕಡಿಯುವ ಮಾತು ಕೆಲವರು ಆಡುತ್ತಿದ್ದಾರೆ ಎಂದು ಕೇಳಿದೆ. ನನಗೆ ಅದು ಇಷ್ಟವಿಲ್ಲ. 1983ರಲ್ಲಿ ಸಾಲ್ಕಣಿ ಸುತ್ತಲಿನ ಜನ ಮರ ಅಪ್ಪಿಕೊಂಡು ನಿಂತ ತಾಲೂಕು ಇದು. ಆ ಅಪ್ಪಿಕೋ ಚಳವಳಿ ಶುರುವಾದಾಗ ನಾನು ಇಲ್ಲೇ ಇದ್ದೆ. ಇರುವ ನೆರಳು ತೆಗೆದು, ಇಲ್ಲದ ನೆರಳಿಗೆ ಕಾಯಬೇಕಾ?

ಅರಣ್ಯ ಓದಿದವಳು

ಸಂಜೆ ವಾಕಿಂಗ್ ಅಜ್ಜ, ಆತುರದಲ್ಲಿ ಕಡಿಯುವುದು ನನಗೂ ಇಷ್ಟವಿಲ್ಲ. ನಾನು ಇಲ್ಲಿಯ ಅರಣ್ಯ ಕಾಲೇಜಿನಲ್ಲಿ ಓದಿದವಳು. ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ, ನಮ್ಮ ಹಕ್ಕಿ ಚಿಟ್ಟೆಗಳಿಗೆ ಅದರಿಂದ ಪ್ರಯೋಜನ ಕಡಿಮೆ. ಹಾಗೆಂದು ಮೂರನ್ನೂ ಒಂದೇ ದಿನ ಉರುಳಿಸಿದರೆ ಬೇಸಿಗೆಯಲ್ಲಿ ಹೊಸ ಸಸಿಗಳು ಸುಟ್ಟು ಹೋಗುತ್ತವೆ. ಅದರ ಅರೆನೆರಳಿನಲ್ಲೇ ಊರ ಮರಗಳನ್ನು ನೆಡಿ. ಅವು ಆಳೆತ್ತರ ದಾಟಿದ ಮೇಲೆ ಒಂದೊಂದಾಗಿ ತೆಗೆಯುವ ಬಗ್ಗೆ ಯೋಚಿಸಬಹುದು. ಆಗಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯನ್ನು ಕೇಳದೆ ಕೊಡಲಿ ಎತ್ತಬೇಡಿ. ಗುಲ್‌ಮೊಹರ್ ಬಗ್ಗೆ ಮಾತ್ರ ಎಚ್ಚರ. ಬೇರು ಮೇಲುಮೇಲೆ ಹೋಗುತ್ತದೆ, ಕೊಂಬೆ ಪೆಡಸು. ಜೂನ್ ಗಾಳಿಗೆ ಮೊದಲು ಒಣಗಿದ ಕೊಂಬೆ ತೆಗೆಸಿ. ಆಟದ ಸಾಮಾನು ಅದರ ಕೆಳಗೆ ಬೇಡ.

ಈಗ ಸಂಖ್ಯೆಗೆ ಬರೋಣ. 20 ಗುಂಟೆ ಚೌಕ ಎಂದರೆ ಒಂದೊಂದು ಬದಿ ಸುಮಾರು 147 ಅಡಿ, ಸುತ್ತಳತೆ 590 ಅಡಿ ಹತ್ತಿರ. ದೊಡ್ಡ ಮರಕ್ಕೆ ಮರದಿಂದ ಮರಕ್ಕೆ 30 ಅಡಿ ಬೇಕು. ಅಂಚಿನಲ್ಲಿ ಹಿಡಿಯುವುದು 20 ಮರ. ಅಷ್ಟೇ. 100 ನೆಟ್ಟರೆ ಹತ್ತು ವರ್ಷದಲ್ಲಿ ಒಂದಕ್ಕೊಂದು ಬಿಸಿಲಿಗೆ ಜಗಳ ಆಡುತ್ತಾ ಸಪೂರಾಗಿ ಬೆಳೆಯುತ್ತವೆ. ಮೇಲಿನ ನೀರಿನ ಲೆಕ್ಕವೂ 20 ಗಿಡಕ್ಕೆ 10,400 ಲೀಟರಿಗೆ ಇಳಿಯುತ್ತದೆ. ಅದು ನಿಮ್ಮಿಂದ ಆಗುವ ಕೆಲಸ.

ಯಾವ ಮರ? ನನ್ನ ಆಯ್ಕೆಯಲ್ಲಿ ಮೊದಲನೆಯದು ಬಕುಳ. ವರ್ಷವಿಡೀ ಹಸಿರು, ನೆರಳು ದಟ್ಟ, ಹೂವು ಉದುರಿದರೆ ಮಕ್ಕಳು ಆಯ್ದು ಪೋಣಿಸುತ್ತಾರೆ, ಒಣಗಿದ ಮೇಲೂ ಪರಿಮಳ ಇರುತ್ತದೆ. ಎರಡನೆಯದು ಸುರಗಿ. ನಮ್ಮ ಜಿಲ್ಲೆಯವರಿಗೆ ಸುರಗಿ ಮಾಲೆಯ ಬಗ್ಗೆ ಹೇಳಬೇಕಾಗಿಲ್ಲ. ಪೇಟೆಯ ಮಕ್ಕಳು ಮಾಲೆ ನೋಡಿದ್ದಾರೆ, ಮರ ನೋಡಿಲ್ಲ. ಎರಡೂ ನಿಧಾನಕ್ಕೆ ಬೆಳೆಯುತ್ತವೆ, ತಾಳ್ಮೆ ಬೇಕು. ಬೇಗ ನೆರಳು ಬೇಕಾದ ಕಡೆ ಹೊಂಗೆ. ಸೀತಾ ಅಶೋಕ ಹಲಸಿನ ಮರದ ಪಕ್ಕ ಹಾಕಿ. ಅದಕ್ಕೆ ಚಿಕ್ಕಂದಿನಲ್ಲಿ ಅರೆನೆರಳು, ತಂಪು ಬೇಕು. ಕಂಬದ ಹಾಗೆ ನೆಟ್ಟಗೆ ಬೆಳೆಯುವ, ನರ್ಸರಿಗಳಲ್ಲಿ ಅಶೋಕ ಎಂದು ಮಾರುವ ಗಿಡ ಬೇರೆ. ಹೂವು ಗೊಂಚಲಾಗಿ, ಕೇಸರಿ ಬಣ್ಣಕ್ಕೆ ಬರುವುದೇ ಎಂದು ಕೇಳಿಯೇ ತನ್ನಿ.

ನೇರಳೆ ಒಂದು ಇರಲಿ, ಹಕ್ಕಿಗಳಿಗೆ ಹಬ್ಬ. ಆದರೆ ದಾರಿಯಿಂದ ದೂರ ಹಾಕಿ, ಹಣ್ಣು ಬಿದ್ದು ಕಾಲಡಿ ಕಲೆಯಾಗುತ್ತದೆ. ಮಕ್ಕಳು ಆಡುವ ಕಡೆ ಗಸಗಸೆ ಹಣ್ಣಿನ ಮರ ಒಂದು. ಊರ ಮರವಲ್ಲ, ಆದರೆ ಎರಡು ಮೂರು ವರ್ಷದಲ್ಲೇ ನೆರಳು ಕೊಡುತ್ತದೆ. ಮಕ್ಕಳಿಗೂ ಅಳಿಲಿಗೂ ಅದರ ಹಣ್ಣು ಇಷ್ಟ.

ಕೆಸರಿನ ಮೂಲೆಗೆ ಮಣ್ಣು ಸುರಿದು ಎತ್ತರಿಸಲು ಹೋಗಬೇಡಿ. ನೀರು ಇನ್ನೊಂದು ಮೂಲೆ ಹುಡುಕಿಕೊಳ್ಳುತ್ತದೆ. ಅಲ್ಲಿ ಹೊಳೆದಾಸವಾಳ ಹಾಕಿ. ಹೊಳೆ ದಂಡೆಯ ಮರ ಅದು, ಕಾಲಡಿ ನೀರು ನಿಂತರೂ ತಡೆಯುತ್ತದೆ. ಬೇಸಿಗೆ ಕೊನೆಗೆ ನೇರಳೆ ಬಣ್ಣದ ಹೂವು ಮರ ತುಂಬಾ ಬರುತ್ತದೆ. ಜಾಗ ಇದ್ದರೆ ಪಕ್ಕದಲ್ಲಿ ಒಂದು ಹೊಳೆಮತ್ತಿ.

ಪೊದೆಗೆ ಕೇಪಳ, ಕುಳ್ಳ ದಾಸವಾಳ, ಅಬ್ಬಲಿಗೆ. ಮೊಣಕಾಲೆತ್ತರಕ್ಕೆ ಕತ್ತರಿಸಿ ಇಡಬಹುದು. ಕಣಗಿಲೆ ಬೇಡವೇ ಬೇಡ, ಅದರ ಎಲೆ, ಕಾಯಿ, ಹಾಲು ಎಲ್ಲವೂ ವಿಷ. ಎರಡು ಕರಿಬೇವು, ಒಂದು ನಿಂಬೆ ಹಾಕಿ. ಎಲೆ ಹುಳು ತಿಂದಿತು ಎಂದು ಔಷಧ ಹೊಡೆಯಬೇಡಿ, ಅವು ಚಿಟ್ಟೆಯ ಮರಿಗಳು. ಬೇಲಿಯ ಒಂದು ಕಡೆ ಈಶ್ವರಿ ಬಳ್ಳಿ ಹಬ್ಬಿಸಿದರೆ ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಮೊಟ್ಟೆ ಇಡಲು ಬರಬಹುದು. ಕಪ್ಪು ರೆಕ್ಕೆ, ಬಂಗಾರದ ಹಳದಿ. ಇಷ್ಟು ದೊಡ್ಡ ಚಿಟ್ಟೆ ಪೇಟೆ ಮಧ್ಯ ಹಾರುವುದನ್ನು ಮಕ್ಕಳು ನೋಡಬೇಕು ಎನ್ನುವುದು ನನ್ನ ದೊಡ್ಡ ಆಸೆ.

ಪಾರ್ಕ್ ಪಕ್ಕದ ಮನೆ

ಇದನ್ನು ಪ್ರಿಂಟ್ ತೆಗೆದು ಎಲ್ಲರಿಗೂ ತೋರಿಸುತ್ತೇನೆ. 100 ಗಿಡ 20ಕ್ಕೆ ಇಳಿದಿದ್ದು ಕೆಲವರಿಗೆ ಬೇಸರ ಆಗಬಹುದು. ಆದರೆ 590 ಅಡಿಯ ಲೆಕ್ಕದ ಮುಂದೆ ಮಾತಿಲ್ಲ. ನೆಡುವ ದಿನ ಯಾವುದು? ಜೂನ್ 5 ಸರಿಯಾ?

ತೋಟದ ಮನೆ, ಹುಲೇಕಲ್ ಕಡೆ

ದಿನಾಂಕ ನೋಡಿ ನೆಡಬೇಡಿ, ಮಣ್ಣು ನೋಡಿ ನೆಡಿ. ಗುಂಡಿ ಮಳೆಗೆ ಮೊದಲೇ, ಮೇ ತಿಂಗಳಲ್ಲೇ ತೋಡಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಬಿಸಿಲಿಗೆ ಒಣಗಲಿ. ಮೇಲ್ಮಣ್ಣು, ಹಳೇ ಸಗಣಿ ಗೊಬ್ಬರ, ದರಕು ಸೇರಿಸಿ ಮುಕ್ಕಾಲು ತುಂಬಿ. ಖಾಲಿ ಬಿಟ್ಟರೆ ಅಡ್ಡಮಳೆಗೆ ನೀರು ತುಂಬಿ ಮಕ್ಕಳು ಬೀಳುತ್ತಾರೆ. ಮೃಗಶಿರಾ ಮಳೆ ಶುರುವಾಗಿ ಮಣ್ಣು ಮೊಣಕೈ ಆಳ ಒದ್ದೆಯಾದ ಮೇಲೆ ನೆಡಿ. ಅದು ಜೂನ್ 8 ಆಗಬಹುದು, 18 ಆಗಬಹುದು. ವನಮಹೋತ್ಸವ ಎಂದು ಜುಲೈ ಮೊದಲ ವಾರದ ತನಕ ಕಾದರೆ ಧೋ ಎನ್ನುವ ಮಳೆಯಲ್ಲಿ ನೆಟ್ಟ ಸಸಿ ಅಲುಗಾಡಿ ಬೇರು ಹಿಡಿಯುವುದಿಲ್ಲ.

ಸಸಿ ಆರಿಸುವಾಗ ಎತ್ತರ ನೋಡಿ ಮರುಳಾಗಬೇಡಿ. ಕಾಂಡ ದಪ್ಪ ಇರಲಿ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಬೇಡ. ನೆಟ್ಟ ಮೇಲೆ ಬುಡದಲ್ಲಿ ಮಣ್ಣು ಏರಿಸಿ, ಮಳೆಗಾಲದಲ್ಲಿ ನೀರು ನಿಲ್ಲಬಾರದು. ಅಕ್ಟೋಬರ್ ಮುಗಿದ ಮೇಲೆ ಅದೇ ಬುಡವನ್ನು ಬಿಡಿಸಿ ಪಾತಿ ಮಾಡಿ, ಆಗ ನೀರು ನಿಲ್ಲಬೇಕು. ಇದನ್ನು ಮರೆಯುವವರು ಜಾಸ್ತಿ.

ಬುಡಕ್ಕೆ ಮುಚ್ಚಿಗೆ ಹಾಕಿ. ನಮ್ಮ ಕಡೆ ಸುಲಿದ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಯಾರಾದರೂ ಕೊಡುತ್ತಾರೆ. ಬೇಗ ಕೊಳೆಯುವುದಿಲ್ಲ, ತೇವ ಹಿಡಿಯುತ್ತದೆ. ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹಾಕಿ, ಇಲ್ಲದಿದ್ದರೆ ಒರಲೆ (ಗೆದ್ದಲು) ಏರುತ್ತದೆ. ಪಾರ್ಕಿನ ತರಗೆಲೆಗೆ ಬೆಂಕಿ ಹಚ್ಚುವುದನ್ನು ಮಾತ್ರ ಇಂದೇ ನಿಲ್ಲಿಸಿ. ಆ ದರಕು ನಿಮ್ಮ ಗೊಬ್ಬರ. ರಾಶಿ ಆಟದ ಜಾಗದಿಂದ ದೂರ ಇರಲಿ, ಹಾವು ಸೇರಿಕೊಳ್ಳುತ್ತದೆ.

ಕಾಜುಬಾಗ, ಕಾರವಾರ

ಓದುತ್ತಾ ಓದುತ್ತಾ ನಮ್ಮ ಬೀದಿಯ ಪುಟ್ಟ ಪಾರ್ಕೇ ಕಣ್ಣ ಮುಂದೆ ಬಂತು. ನಮ್ಮದು ಮರಳು ಮಣ್ಣು, ಕಡಲ ಗಾಳಿ ಸೀದಾ ಬಡಿಯುತ್ತದೆ. ಶಿರಸಿಯ ಪಟ್ಟಿ ನಮಗೂ ಆಗುತ್ತದೆಯಾ?

ಅರಣ್ಯ ಓದಿದವಳು

ಪೂರ್ತಿ ಆಗುವುದಿಲ್ಲ. ಅಲ್ಲಿ ಮಳೆ ಇಲ್ಲಿಗಿಂತ ಜಾಸ್ತಿ, ಆದರೆ ಮರಳಿನಲ್ಲಿ ನೀರು ನಿಲ್ಲದೆ ಇಳಿದು ಹೋಗುತ್ತದೆ. ನಿಮ್ಮ ತೊಂದರೆ ಉಪ್ಪು ಗಾಳಿ. ಕಡಲ ಕಡೆಯ ಸಾಲಿಗೆ ಸುರಹೊನ್ನೆ, ಹೊಂಗೆ ಹಾಕಿ. ಎರಡೂ ಉಪ್ಪು ಗಾಳಿ ತಡೆಯುತ್ತವೆ. ಆ ಸಾಲು ಎದ್ದ ಮೇಲೆ ಅದರ ಮರೆಯಲ್ಲಿ ಬಕುಳ, ಹೂವಿನ ಗಿಡ. ಗುಂಡಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಜಾಸ್ತಿ ಸೇರಿಸಿ. ಬೇಸಿಗೆಯಲ್ಲಿ ಒಮ್ಮೆಗೇ 10 ಲೀಟರ್ ಹಾಕುವ ಬದಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಹಾಕಿ.

ತೆರಿಗೆ ಕಟ್ಟುವವ

ನಾನು ಮೊದಲು ಎತ್ತಿದ ಪ್ರಶ್ನೆಯನ್ನು ಬಿಟ್ಟಿಲ್ಲ. ಆದರೆ ಕೆಲಸಕ್ಕೆ ಬರುತ್ತೇನೆ. ದುಡ್ಡಿನ ವಿಷಯ ಸ್ಪಷ್ಟ ಮಾಡಿ. ಒಬ್ಬರ ಫೋನಿಗೆ ಎಲ್ಲರೂ ದುಡ್ಡು ಹಾಕುವುದು ಬೇಡ, ಒಳ್ಳೆಯವರ ಮೇಲೂ ಅನುಮಾನ ಬರುತ್ತದೆ. ಬಂದದ್ದು, ಹೋದದ್ದು ತಿಂಗಳಿಗೊಮ್ಮೆ ಗೇಟಿನ ಬಳಿ ಅಂಟಿಸಿ. ಮುಂದೆ ದೊಡ್ಡ ಮೊತ್ತ ಬರುವುದಾದರೆ ಸಂಘ ನೋಂದಾಯಿಸಿ, ಕನಿಷ್ಠ 7 ಜನ ಇದ್ದರೆ ಆಗುತ್ತದೆ. ದಾನಿಗಳ ಹೆಸರಿನ ದೊಡ್ಡ ಫಲಕ ಬೇಡ ಎನ್ನುವುದು ನನ್ನ ಮಾತು. ನೀರು ಹೊತ್ತವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಫ್ಲೆಕ್ಸ್ ಅಂತೂ ಬೇಡವೇ ಬೇಡ, 2016ರಿಂದ ಅದಕ್ಕೆ ರಾಜ್ಯದಲ್ಲಿ ನಿಷೇಧ ಇದೆ.

ಇನ್ನೊಂದು. ಬೀದಿ ಗುಡಿಸುವ ಪೌರಕಾರ್ಮಿಕರನ್ನು ಪಾರ್ಕ್ ಕೆಲಸಕ್ಕೆ ಸುಮ್ನೆ ಕರೆಯಬೇಡಿ. ಅವರಿಗೆ ಅವರದ್ದೇ ಕೆಲಸ ಬೇಕಾದಷ್ಟಿದೆ.

ಇಬ್ಬರು ಮಕ್ಕಳ ಅಮ್ಮ

ನೀರಿನ ಪಾಳಿ ಹೇಗೆ ಮಾಡುತ್ತೀರಿ? ಶುರುವಿನಲ್ಲಿ ಎಲ್ಲರೂ ಬರುತ್ತಾರೆ. ಪರೀಕ್ಷೆ, ಮದುವೆ, ಜಾತ್ರೆ ಬಂದಾಗ ಗಿಡ ಒಣಗುತ್ತದೆ. ಮಾರಿಕಾಂಬಾ ಜಾತ್ರೆ ಇರುವ ವರ್ಷ ಕೇಳುವುದೇ ಬೇಡ, ಮನೆ ತುಂಬಾ ನೆಂಟರು. ನನ್ನ ಸಲಹೆ ಇದು. ಒಂದು ಮನೆಗೆ ಒಂದು ಗಿಡ ಎಂದು ಹಂಚಬೇಡಿ. ಮನೆ ಬೀಗ ಹಾಕಿದರೆ ಆ ಗಿಡಕ್ಕೆ ಗತಿ ಇಲ್ಲ. ಎರಡು ಮನೆ ಸೇರಿ ನಾಲ್ಕು ಗಿಡ ನೋಡಲಿ. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು.

ಹಳೇ ಇಂಜಿನಿಯರ್

ಒಳ್ಳೆಯ ಉಪಾಯ. ನಲ್ಲಿ ನೀರನ್ನು ಇದಕ್ಕೆ ಬಳಸಬೇಡಿ. ಕೆಂಗ್ರೆ, ಮಾರಿಗದ್ದೆಯಿಂದ ಬರುವುದು ಊರಿಗೆ ಕುಡಿಯುವ ನೀರು, ಏಪ್ರಿಲ್ ಮೇನಲ್ಲಿ ಅದಕ್ಕೇ ಪರದಾಟ. 20 ಗಿಡಕ್ಕೆ ವಾರಕ್ಕೆ 400 ಲೀಟರ್ ಸಾಕು. ಅಕ್ಕಿ, ತರಕಾರಿ ತೊಳೆದ ನೀರು ಕೂಡಿಸಿಟ್ಟರೆ ಹತ್ತು ಮನೆಯಿಂದ ಅಷ್ಟು ಸಿಗುತ್ತದೆ. ಸಾಬೂನಿನ ನೀರು ಬೇಡ. ಮುಂದಿನ ವರ್ಷ ಪಾರ್ಕಿನ ಮೇಲ್ಭಾಗದಲ್ಲಿ ಒಂದು ಇಂಗುಗುಂಡಿ ಮಾಡಿ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯವರು ಜನರನ್ನು ಸೇರಿಸಿ ಕೆರೆಗಳ ಹೂಳು ತೆಗೆಸಿದ್ದು ಎಲ್ಲರಿಗೂ ಗೊತ್ತಿದೆ. ನೀರಿನ ಕೆಲಸಕ್ಕೆ ಈ ಊರಲ್ಲಿ ಕೈ ಜೋಡಿಸುವವರು ಸಿಗುತ್ತಾರೆ, ಕೇಳಬೇಕು ಅಷ್ಟೇ.

ಪಾರ್ಕ್ ಪಕ್ಕದ ಮನೆ

ಇವತ್ತು ಸಂಜೆ ಎಲ್ಲರೂ ಪಾರ್ಕಿನಲ್ಲೇ ಕೂತು ಮಾತಾಡಿದೆವು. ಗಲ್ಲಿ ಕ್ರಿಕೆಟ್ ಹುಡುಗರೂ ಬಂದಿದ್ದರು. ನಡುವಿನ ಬಯಲು ಹುಡುಗರಿಗೆ. ತೊಟ್ಟಿಯ ನೀರು ಆಗಲೇ ಚೆಲ್ಲಿ ಆಯಿತು, ತಳಕ್ಕೆ ತೂತು ನಾಳೆ ಕೊರೆಸುತ್ತೇವೆ. ಜಾರುಬಂಡಿಗೆ ಹಗ್ಗ ಕಟ್ಟಿದ್ದೇವೆ. ಬೇಲಿ, ಚರಂಡಿಯ ಹೂಳು, ಎರಡು ದೀಪ, ಇಷ್ಟಕ್ಕೆ ಅರ್ಜಿ ಬರೆದು 40 ಜನ ಸಹಿ ಹಾಕಿದ್ದಾರೆ. ಕೂಡಿದ ದುಡ್ಡಿನಲ್ಲಿ ಮೊದಲು ಬಸಿಗಾಲುವೆ, ಆಮೇಲೆ ಬಿದಿರಿನ ತಟ್ಟಿ, ದನದಿಂದ ಸಸಿ ಉಳಿಯಬೇಕಲ್ವಾ. ಬೆಂಚು ಎರಡು, ಅಜ್ಜ ಹೇಳಿದ ಅಳತೆಗೆ. ಇಂಟರ್‌ಲಾಕ್ ಕೈಬಿಟ್ಟೆವು. ಓಪನ್ ಜಿಮ್ ಬೇಕು ಎಂದು ಮೂರು ಮನೆಯವರು ಈಗಲೂ ಹೇಳುತ್ತಿದ್ದಾರೆ. ಒಂದು ಮಳೆಗಾಲ ಕಳೆದ ಮೇಲೆ ಜಾಗ ಎಲ್ಲಿ ಒಣಗಿರುತ್ತದೆ ನೋಡಿ ತೀರ್ಮಾನಿಸೋಣ ಎಂದೆವು, ಅವರಿಗೆ ಪೂರ್ತಿ ಸಮಾಧಾನ ಆಗಿಲ್ಲ.

ಉಳಿದಿರುವುದು ಬೇಸಿಗೆಯ ನೀರು. ತೊಳೆದ ನೀರು ಸ್ವಲ್ಪ ಮಟ್ಟಿಗೆ ಆಗುತ್ತದೆ. ಮಾರ್ಚ್ ಆದ ಮೇಲೆ ಸಾಲುವುದಿಲ್ಲ ಎನಿಸುತ್ತದೆ.

ಮೂಲೆ ಮನೆ

ನಾನು ಇಲ್ಲಿ ಬರೆಯುವುದು ಮೊದಲ ಸಲ. ಗೇಟಿನ ಎದುರಿನ ಮೂಲೆ ಮನೆ ನಮ್ಮದು. ಹಿತ್ತಲಿನ ಬಾವಿಯಲ್ಲಿ ಏಪ್ರಿಲ್ ಕೊನೆಯ ತನಕ ನೀರು ಇರುತ್ತದೆ, ಮೇನಲ್ಲಿ ತಳ ಕಾಣುತ್ತದೆ. ಅಲ್ಲಿಯ ತನಕ ವಾರಕ್ಕೆ 400 ಲೀಟರ್ ಕೊಡಲು ನಮಗೆ ತೊಂದರೆ ಇಲ್ಲ. ರಸ್ತೆ ದಾಟಿಸಲು ಪೈಪ್ ನೀವು ತನ್ನಿ, ಪಂಪಿನ ಕರೆಂಟ್ ನಮ್ಮದೇ ಇರಲಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರರಿಂದ ಏಳರ ಒಳಗೆ ಬಂದರೆ ಗೇಟ್ ತೆಗೆದಿರುತ್ತದೆ. ಮೇ ತಿಂಗಳಿಗೆ ಒಂದು ಟ್ಯಾಂಕರ್ ಹೇಳಿಡಿ.

ಪಾರ್ಕ್ ಪಕ್ಕದ ಮನೆ

ತುಂಬಾ ಉಪಕಾರವಾಯಿತು ಅಕ್ಕ. ನಾಳೆ ಬಂದು ನಿಮ್ಮ ಬಾವಿಯಿಂದ ಗೇಟಿನ ತನಕ ಟೇಪ್ ಹಿಡಿದು ಅಳೆಯುತ್ತೇವೆ. ಪೈಪ್ ನಾಳೆ ಸಂಜೆಯೇ ತರುತ್ತೇವೆ.